‘ನಾನೂ ನಿನ್ನ ಹೊಟ್ಟೇಲಿದ್ನಾ?’

ಪ್ರಶ್ನೆ: ನಮ್ಮದು ಕಡೂರಿನ ಹತ್ತಿರದ ಊರು. ಕಾರಾ (ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರ) ಮೂಲಕ ಮಗಳನ್ನು ದತ್ತು ತೆಗೆದುಕೊಂಡಾಗ ಅವಳಿಗೆ ಹತ್ತು ತಿಂಗಳು, ಈಗ ಐದು ವರ್ಷ. ತುಮಕೂರಿನಿಂದ ಕರೆತರುವಾಗ ತಿಪಟೂರು ದಾಟುವವರೆಗೂ ಅತ್ತು, ಆಮೇಲೆ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ನಿದ್ದೆಹೋದವಳು. ಮೊನ್ನೆ ಬಸುರಿ ಚಿಕ್ಕಮ್ಮನನ್ನು ನೋಡಿ ಬಂದು ‘ನಾನೂ ನಿನ್ನ ಹೊಟ್ಟೇಲಿದ್ನಾ?’ ಅಂದಳು. ಗಾಬರಿಯಲ್ಲಿ ‘ಹ್ಞೂಂ’ ಅಂದುಬಿಟ್ಟೆ. ಮದುವೆ ವಯಸ್ಸಿಗೆ ಹೇಳಿದರಾಯಿತು ಎನ್ನುತ್ತಾರೆ ಅತ್ತೆ. ಯಶೋದೆ–ಕೃಷ್ಣರ ಕತೆಯಿಂದ ತಿಳಿಸೋಣ ಎನ್ನುತ್ತಾರೆ ಗಂಡ. ಇದರ ನಡುವೆ ನಾದಿನಿಯ ಮನೆಗೆ ಮುಂದಿನ ತಿಂಗಳು ಪೋಷಕತ್ವದಡಿ (ಫಾಸ್ಟರ್ ಕೇರ್, ಅಂದರೆ ದತ್ತು ಅಲ್ಲದೆ ಸ್ವಲ್ಪ ಕಾಲ ಮನೆಯಲ್ಲಿಟ್ಟು ಸಾಕುವುದು) ಏಳು ವರ್ಷದ ಹುಡುಗ ಬರುತ್ತಿದ್ದಾನೆ. ಇವಳಿಗೆ ಏನಂತ ಹೇಳಲಿ?

ಉತ್ತರ: ಆ ‘ಹ್ಞೂಂ’ಗೆ ಇಷ್ಟು ನೊಂದುಕೊಳ್ಳಬೇಡಿ. ಆದರೆ ಈ ವಾರವೇ ತಿದ್ದಿಬಿಡಿ. ಜಡೆ ಹಾಕುವಾಗಲೋ ಊಟ ತಿನ್ನಿಸುವಾಗಲೋ, ‘ಅವತ್ತು ಕೇಳಿದ್ಯಲ್ಲ, ಅಮ್ಮ ಸರಿಯಾಗಿ ಹೇಳಲಿಲ್ಲ. ನೀನಿದ್ದದ್ದು ಇನ್ನೊಬ್ಬ ಅಮ್ಮನ ಹೊಟ್ಟೇಲಿ. ಆಮೇಲೆ ನಮ್ಮನೆಗೆ ಬಂದೆ’ ಎನ್ನಿ. ಟಿವಿ ಆರಿಸಿ, ಎದುರು ಕೂರಿಸಿಕೊಂಡು ಹೇಳಲು ಹೊರಟರೆ ತಾನೇನೋ ತಪ್ಪು ಮಾಡಿದ್ದೇನೆ ಅಂದುಕೊಳ್ಳುತ್ತಾಳೆ.

ನಿಮ್ಮ ಯಜಮಾನರ ಉದ್ದೇಶ ಒಳ್ಳೆಯದೇ. ಆದರೆ ಯಶೋದೆಯ ಕತೆ ಬೆಣ್ಣೆ ಕದಿಯುವಲ್ಲಿಗೆ ಮುಗಿಯುವುದಿಲ್ಲವಲ್ಲ. ಅಕ್ರೂರ ರಥ ತರುತ್ತಾನೆ, ಕೃಷ್ಣ ಮಥುರೆಗೆ ಹೊರಡುತ್ತಾನೆ, ಗೋಕುಲಕ್ಕೆ ಮತ್ತೆ ವಾಸಕ್ಕೆ ಬರುವುದಿಲ್ಲ. ಐದು ವರ್ಷದ ಮಗು ಇದನ್ನು ಕೇಳಿ, ನನ್ನನ್ನೂ ಯಾರೋ ಬಂದು ಕರೆದುಕೊಂಡು ಹೋಗುತ್ತಾರೆ ಎಂದು ರಾತ್ರಿ ಬೆಚ್ಚಿಬಿದ್ದರೆ ಆಶ್ಚರ್ಯವಿಲ್ಲ. ಕರ್ಣನ ಕತೆಯೂ ಸದ್ಯಕ್ಕೆ ಬೇಡ. ಅದನ್ನು ಹೇಳಬೇಕಾದದ್ದು ನಿಮ್ಮ ಅತ್ತೆಗೆ. ರಾಧೆ, ಅಧಿರಥರು ಅವನನ್ನು ಪ್ರೀತಿಯಿಂದಲೇ ಸಾಕಿದರು. ಹೆತ್ತವಳು ಯಾರೆಂಬುದು ಯುದ್ಧದ ಹೊಸ್ತಿಲಲ್ಲಿ, ಬೇರೆಯವರ ಬಾಯಿಂದ ಗೊತ್ತಾಯಿತು ನೋಡಿ, ಅಲ್ಲಿ ಎಡವಟ್ಟಾಯಿತು. ನಿಮ್ಮೂರಲ್ಲಿ ಹಾಲಿನ ಡೇರಿಯವರಿಗೂ ಗೊತ್ತಿರುವ ಸಂಗತಿ ಅವಳೊಬ್ಬಳಿಗೆ ಮದುವೆವರೆಗೆ ಗೊತ್ತಾಗದೆ ಉಳಿಯುತ್ತದೆಯೇ? ಜಗಳವಾಡುವಾಗ ಯಾವುದೋ ಹುಡುಗ ಎತ್ತಿ ಆಡುತ್ತಾನೆ.

ಹೇಳಬೇಕಾದ ಕತೆಯನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ. ತಿಪಟೂರು ದಾಟುವವರೆಗೂ ಅತ್ತದ್ದು, ಆಮೇಲೆ ಸೆರಗು ಹಿಡಿದದ್ದು. ಅದನ್ನೇ ಹೇಳಿ. ‘ನಿನಗೆ ನಾವು ಹೊಸಬರು, ಅದಕ್ಕೇ ಅಳ್ತಿದ್ದೆ. ಅಲ್ಲಿ ನಿನ್ನ ಎತ್ತಿ ಆಡಿಸ್ತಿದ್ದ ಆಯಾ ಬೇಕು ಅಂತಿದ್ದೆ’ ಅಂತಲೂ ಸೇರಿಸಿ. ತುಮಕೂರಿನ ಆ ಮಕ್ಕಳ ಮನೆಯನ್ನು ಕತೆಯಿಂದ ಕಿತ್ತುಹಾಕಬೇಡಿ, ಅವಳ ಹತ್ತು ತಿಂಗಳು ಅಲ್ಲಿವೆ. ದತ್ತು ಆದೇಶ ಬರುವ ಮೊದಲೇ, ದತ್ತುಪೂರ್ವ ಪೋಷಣೆ ಎಂದು ಮಗುವನ್ನು ನಿಮ್ಮ ಕೈಗೆ ಕೊಟ್ಟಿದ್ದರಲ್ಲ, ಅದೂ ಚೆಂದದ ಅಧ್ಯಾಯವೇ. ‘ನೀನು ಮೊದಲು ಬಂದೆ, ಜಡ್ಜ್ ಸಹಿ ಮಾಡಿದ್ದು ಆಮೇಲೆ.’ (2022ರ ಸೆಪ್ಟೆಂಬರ್‌ನಿಂದ ಈ ಆದೇಶ ಕೊಡುವವರು ಜಿಲ್ಲಾಧಿಕಾರಿ, ಈಚೆಗೆ ದತ್ತು ಪಡೆದವರು ಹಾಗೆ ಬದಲಿಸಿಕೊಳ್ಳಿ.) ಅವಳ ನಾಲ್ಕೈದು ಫೋಟೊ ಅಂಟಿಸಿ ಒಂದು ನೋಟ್‌ಬುಕ್ ಮಾಡಿಕೊಡಿ. ಅತ್ತೆ ಬಾಗಿಲಲ್ಲಿ ಆರತಿ ಎತ್ತಿದ್ದರೆ ಆ ಪುಟವನ್ನು ಅವರೇ ಹೇಳಲಿ. ಕತೆಯಲ್ಲಿ ತಮಗೂ ಪಾತ್ರ ಸಿಕ್ಕರೆ ಹಿರಿಯರ ವಿರೋಧ ಎಷ್ಟೋ ಕರಗುತ್ತದೆ.

ಒಂದು ಮಾತನ್ನು ಮಾತ್ರ ಖಂಡಿತ ಬೇಡ: ‘ಆ ಅಮ್ಮನಿಗೆ ನಿನ್ನ ಮೇಲೆ ತುಂಬಾ ಪ್ರೀತಿ, ಅದಕ್ಕೇ ಕೊಟ್ಟಳು’. ಕೇಳಲು ಹಿತ. ಆದರೆ ನೀವೂ ಅವಳನ್ನು ಪ್ರೀತಿಸುತ್ತೀರಲ್ಲ? ಪ್ರೀತಿಸುವವರು ಕೊಟ್ಟುಬಿಡುತ್ತಾರೆ ಎಂದು ಮಗು ಲೆಕ್ಕ ಹಾಕುತ್ತದೆ. ಫೈಲಿನಲ್ಲಿ ಕಾರಣ ಇದ್ದರೆ ವಯಸ್ಸಿಗೆ ತಕ್ಕಷ್ಟು ಹೇಳಿ. ಇಲ್ಲದಿದ್ದರೆ ‘ಯಾಕೆ ಅಂತ ನನಗೂ ಗೊತ್ತಿಲ್ಲ ಪುಟ್ಟಿ, ನೀನೇನೂ ತಪ್ಪು ಮಾಡಿರಲಿಲ್ಲ’ ಎನ್ನಿ. ಸಾವಿರ ಸಲ ಕೇಳಿದರೂ ಇದೇ ಉತ್ತರ.

ಇನ್ನು ನಾದಿನಿಯ ಮನೆಯ ಹುಡುಗ. ಅವನ ಕತೆಯೇ ಬೇರೆ, ಎರಡನ್ನೂ ಕಲಸಬೇಡಿ. ಮಕ್ಕಳ ಕಲ್ಯಾಣ ಸಮಿತಿ ಅವನನ್ನು ಸಾಕಲು ಕೊಟ್ಟಿರುತ್ತದೆ. ಸ್ವಂತ ಮನೆಯ ಪರಿಸ್ಥಿತಿ ಸುಧಾರಿಸಿದರೆ ವಾಪಸು ಹೋಗಬಹುದು. ಅದಾಗದೆ ಎರಡು ವರ್ಷ ಅಲ್ಲೇ ಬೆಳೆದರೆ, ಕೇಂದ್ರ ಸರ್ಕಾರದ 2024ರ ಪೋಷಕತ್ವ ಮಾರ್ಗಸೂಚಿಯಂತೆ ಆ ಮನೆಯವರೇ ದತ್ತು ಕೇಳಲೂಬಹುದು. ಆದ್ದರಿಂದ ‘ಇನ್ಮೇಲೆ ಇದೇ ನಿನ್ನ ಮನೆ’ ಎಂದು ಅವನಿಗೆ ಯಾರೂ ಮಾತು ಕೊಡಬಾರದು. ನಿಮ್ಮ ಮಗಳಿಗೆ ಇಷ್ಟು ಸಾಕು: ‘ಅವನ ಮನೇಲಿ ಈಗ ಅವನನ್ನ ನೋಡ್ಕೊಳ್ಳೋಕೆ ಆಗ್ತಿಲ್ಲ. ಅದಕ್ಕೆ ಅತ್ತೆ ನೋಡ್ಕೋತಾರೆ. ನೀನು ಹಾಗಲ್ಲ, ನೀನು ಯಾವಾಗಲೂ ನಮ್ಮ ಮಗಳೇ.’ ಈ ಕೊನೆಯ ವಾಕ್ಯವನ್ನು ಅವನ ಎದುರು ಹೇಳಬೇಡಿ, ಪಾಪ.

ಅವನಿಗೆ ಊರಿಂದ ಅಮ್ಮನ ಫೋನ್ ಬಂದ ದಿನ ಇವಳು ‘ನನ್ನ ಆ ಅಮ್ಮ ಯಾಕೆ ಫೋನ್ ಮಾಡಲ್ಲ?’ ಅನ್ನಬಹುದು. ‘ಅವರ ನಂಬರ್ ನಮ್ಮ ಹತ್ರ ಇಲ್ಲ. ಮುಂದೆ ಹುಡುಕಬೇಕು ಅನ್ಸಿದ್ರೆ ಜೊತೆಗೇ ಹುಡುಕೋಣ’ ಎನ್ನಿ. ಇದು ಬರಿ ಸಮಾಧಾನದ ಮಾತಲ್ಲ. 18 ತುಂಬಿದ ಮೇಲೆ ತನ್ನ ಮೂಲದ ಮಾಹಿತಿ ಕೋರಿ ಅವಳೇ ಅರ್ಜಿ ಹಾಕಬಹುದು, ಅದಕ್ಕೆ ಮೊದಲಾದರೆ ನಿಮ್ಮ ಜೊತೆಗೂಡಿ. ಹೆತ್ತವರು ಒಪ್ಪದಿದ್ದರೆ ಅವರ ವಿವರ ಸಿಗಲಿಕ್ಕಿಲ್ಲ, ಅದೂ ನಿಮ್ಮ ಗಮನದಲ್ಲಿರಲಿ. ಹಾಗಾಗಿ ದತ್ತು ಫೈಲನ್ನು ಬೀರುವಿನಲ್ಲಿ ಜೋಪಾನವಾಗಿಡಿ. ಒಂದು ಜೆರಾಕ್ಸ್ ತೆಗೆಸಿ ನಿಮ್ಮ ತವರಿನಲ್ಲಿ ಕೊಟ್ಟಿರಿ.