ಅಪ್ಪನ ಗಂಟು

'ಪೇಪರಲ್ಲಿ ಹೆಸರು ಬಾರದ, ಯಾವ ಪ್ರಶಸ್ತಿಯೂ ಸಿಗದ ಒಬ್ಬರ ಬಗ್ಗೆ ಹೇಳಿ, ಅವರು ನಿಮಗೆ ಯಾಕೆ ಮುಖ್ಯ?' ಅಂತ ಕೇಳಿದ್ದೀರಿ. ನನಗೆ ಯೋಚನೆ ಮಾಡಬೇಕಾಗಲೇ ಇಲ್ಲ. ನನ್ನ ಅಪ್ಪ.

ಅಪ್ಪ ಕಾರ್ಕಳದವರು. ಮನೆಯದ್ದು ಗೇಣಿ ಗದ್ದೆ. ಗೇಣಿ ಅಳೆದು ಕೊಟ್ಟ ಮೇಲೆ ಉಳಿಯುವ ಅಕ್ಕಿ ಮಳೆಗಾಲ ಮುಗಿಯುವ ತನಕ ಬರುತ್ತಿರಲಿಲ್ಲ. 1966ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಊರಿನವರೊಬ್ಬರ ಜೊತೆ ಬೊಂಬಾಯಿ ಬಸ್ಸು ಹತ್ತಿದರು. ಫೋರ್ಟ್ ಕಡೆ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜು ಜೋಡಿಸಿ ಅದರ ಮೇಲೆ ನಿದ್ದೆ. ಅಲ್ಲಿ ಆಗ ಹೋಟೆಲ್ ಹುಡುಗರು ಕಲಿಯುವ ಕನ್ನಡ ರಾತ್ರಿ ಶಾಲೆಗಳಿದ್ದವು. ಸಂಜೆ ಕೈ ಒರೆಸಿಕೊಂಡು ಓಡುತ್ತಿದ್ದರಂತೆ. ಹಾಗೇ ಮೆಟ್ರಿಕ್ ಪಾಸಾದರು. ಆಮೇಲೆ ಮಾಟುಂಗದ ಹೋಟೆಲೊಂದರಲ್ಲಿ ಸಪ್ಲೈಯರ್, ಪಾರ್ಸಲ್ ಕೌಂಟರ್, ಕೊನೆಗೆ ಗಲ್ಲಾ. ನಡುವೆ ಒಬ್ಬ ಮಾಲೀಕ ಆರು ತಿಂಗಳ ಸಂಬಳ ಕೊಡಲೇ ಇಲ್ಲ. ಅದನ್ನು ಅಪ್ಪ ಒಂದೇ ಸಲ ಹೇಳಿದ್ದು, ಅದೂ ನಾನು ಕೇಳಿದ್ದಕ್ಕೆ.

ಆಗ ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿ ಓಡಲು ಶುರುವಾಗಿದ್ದು 1998ರಲ್ಲಿ. ಅಲ್ಲಿಯವರೆಗೆ ಘಟ್ಟ ಹತ್ತಿ ಇಳಿಯುವ ಬಸ್ಸೇ ಗತಿ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದರೆ ಜಾಸ್ತಿ. ನನ್ನ ಮೊದಲ ಎಂಟು ವರ್ಷ ಅಪ್ಪ ಅಂದರೆ ಮನಿಆರ್ಡರು. ಫಾರ್ಮಿನ ಕೆಳಗೆ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತಲ್ಲ, ಅದರಲ್ಲಿ ಇರುವೆ ಸಾಲಿನ ಹಾಗೆ ಆರು ಸಾಲು ತುಂಬಿಸುತ್ತಿದ್ದರು. 'ಮಗುವಿನ ಕೆಮ್ಮು ಹೇಗಿದೆ. ಹಂಚು ಕೈಯಾಡಿಸಿದಿರಾ. ದನ ಕರು ಹಾಕಿತಾ.' ಪೋಸ್ಟಿನವರು ಹರಿದು ಕೊಟ್ಟ ಆ ಚೀಟಿಗಳಲ್ಲಿ ಅಮ್ಮ ಒಂದನ್ನೂ ಬಿಸಾಡಲಿಲ್ಲ.

1994ರಲ್ಲಿ ನಮ್ಮನ್ನೂ ಕರೆಸಿಕೊಂಡರು. ಘಾಟ್‌ಕೋಪರಿನ ಚಾಲಿನಲ್ಲಿ, ಅಂದರೆ ವಠಾರದಲ್ಲಿ, ಒಂದೇ ಕೋಣೆಯ ಖೋಲಿ, ಮೂಲೆಯಲ್ಲಿ ನೀರು ಬಳಸುವ ಮೋರಿ, ಬೆಳಗಿನ ನಾಲ್ಕೂವರೆಗೆ ನೀರು. ನೀರು ಹಿಡಿಯುವುದು ಯಾವಾಗಲೂ ಅಪ್ಪನೇ. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಗೆ ಸೇರಿದೆ. ಹೊಸ ಪುಸ್ತಕಗಳಿಗೆ ಅಪ್ಪ ಬೈಂಡು ಹಾಕಿ ಪಾರ್ಸಲ್ ದಾರದಿಂದ ಕಟ್ಟಿದರು. ಆ ಕಟ್ಟುವುದನ್ನು ನೀವು ನೋಡಬೇಕಿತ್ತು. ದಾರದ ತುದಿ ಹಲ್ಲಲ್ಲಿ, ಎಡಗೈ ಹೆಬ್ಬೆರಳು ಗಂಟಿನ ಜಾಗದ ಮೇಲೆ, ಬಲಗೈ ಎರಡು ಸುತ್ತು, ಒಂದು ತಿರುವು, ಟಕ್ ಅಂತ ದಾರ ತುಂಡು. ಎಷ್ಟು ಅಲ್ಲಾಡಿಸಿದರೂ ಬಿಚ್ಚುತ್ತಿರಲಿಲ್ಲ. ಆದರೆ ಒಂದು ತುದಿ ಎಳೆದರೆ ಸಾಕು, ಪೂರ್ತಿ ಬಿಡುತ್ತಿತ್ತು. 'ಮನೆಗೆ ಹೋದವರು ಕತ್ತರಿ ಹುಡುಕಬಾರದು. ಹಸಿದಿರುತ್ತಾರೆ' ಎನ್ನುತ್ತಿದ್ದರು.

2005ರ ಜುಲೈ 26 ಮುಂಬೈಯವರಿಗೆ ಯಾರಿಗೂ ಮರೆಯಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಲೋಕಲ್ ರೈಲು ನಿಂತಿತು, ಫೋನ್ ಇಲ್ಲ. ಅಪ್ಪ ಮಾಟುಂಗದಿಂದ ನಡೆದೇ ಹೊರಟರು. ಸಾಯನ್, ಕುರ್ಲಾ ದಾಟಿ ಮನೆ ಮುಟ್ಟಿದಾಗ ಬೆಳಗಿನ ಜಾವ. ಎದೆಮಟ್ಟ ನೀರಲ್ಲಿ ಬಂದಿದ್ದರು. ತಲೆ ಮೇಲೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಬಾಳೆಲೆಯಲ್ಲಿ ಕಟ್ಟಿದ ಇಡ್ಲಿ. ಮೊದಲು ಕೇಳಿದ್ದು 'ಊಟ ಆಯ್ತಾ ನಿಮ್ದು?' ಅಂತ. ಅಮ್ಮ ಬೈದರು, ಅತ್ತರು, ಮತ್ತೆ ಬೈದರು. ನಾನು ದಾರ ಎಳೆದೆ. ಅಷ್ಟು ನೆನೆದಿದ್ದರೂ ಗಂಟು ಸಲೀಸಾಗಿ ಬಿಟ್ಟಿತು.

ಅಪ್ಪ ತೀರಿಕೊಂಡು ಆರು ವರ್ಷವಾಯ್ತು. ಊರಲ್ಲಿ ಸ್ವಂತ ಮನೆ ಕಟ್ಟಿಸಿದರು, ತಂಗಿಯರ ಮದುವೆ ಮಾಡಿದರು, ನನ್ನನ್ನು ಓದಿಸಿದರು. ತಮಗೆ ಅಂತ ಕೊಂಡದ್ದು ನನಗೆ ನೆನಪಿರುವಂತೆ ಒಂದು ರೇಡಿಯೋ ಮಾತ್ರ. ನನಗೆ ಅವರಿಗಿಂತ ದೊಡ್ಡ ಮನುಷ್ಯ ಇನ್ನೊಬ್ಬರಿಲ್ಲ.

ಮೊನ್ನೆ ಅಮ್ಮ ಆ ಮನಿಆರ್ಡರ್ ಚೀಟಿಗಳ ಕಟ್ಟನ್ನು ನನ್ನ ಮಗಳಿಗೆ ತೋರಿಸುತ್ತಿದ್ದರು. ಓದಿ ಮುಗಿದ ಮೇಲೆ ಮತ್ತೆ ಕಟ್ಟಲು ನಾನು ಹೋದೆ, ಸರಿಯಾಗಲಿಲ್ಲ. ಅಮ್ಮ ಕೈಯಿಂದ ತೆಗೆದುಕೊಂಡು, ತುದಿ ಹಲ್ಲಲ್ಲಿ ಕಚ್ಚಿ, ಎರಡು ಸುತ್ತು ಸುತ್ತಿ ಕಟ್ಟಿದರು.