ಕ್ವಾಲಿಟಿ ಟ್ರೈನಿ ಇಂಟರ್ವ್ಯೂಗೆ ನಾಲ್ಕೇ ದಿನ ಇದೆ, ಏನು ತಯಾರಿ ಮಾಡಲಿ?

ನೀವು ಕೇಳಿರೋದು ಇಷ್ಟು: ಊರು ಮುಳಬಾಗಿಲು ಕಡೆ, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿದಿದೆ, ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುರುವಾರ ಇಂಟರ್ವ್ಯೂ. ಇಂಗ್ಲಿಷ್ ಸರಾಗವಾಗಿ ಬರಲ್ಲ, ಅದಕ್ಕೆ ವಿಡಿಯೋ ನೋಡಿ ಉತ್ತರಗಳನ್ನ ಬಾಯಿಪಾಠ ಮಾಡ್ತಿದ್ದೀರಿ.

ಬಾಯಿಪಾಠ ಇವತ್ತೇ ನಿಲ್ಲಿಸಿ. ಕ್ವಾಲಿಟಿ ಕೆಲಸಕ್ಕೆ ಆರಿಸುವವರು ಮೇಜಿನ ಮೇಲೆ ಒಂದು ವರ್ನಿಯರ್ (ಎರಡು ದವಡೆ ನಡುವೆ ಹಿಡಿದು ಅಳೆಯುವ ಉಪಕರಣ), ಒಂದು ಪೀಸ್ ಇಟ್ಟು "ಅಳೆದು ಹೇಳಿ" ಅಂದರೆ ಅಲ್ಲಿ ಯಾವ ಇಂಗ್ಲಿಷೂ ಕಾಪಾಡಲ್ಲ. ಎರಡು ದಿನ ಪೂರ್ತಿ ಅಳತೆಗೇ ಕೊಡಿ. ಓದಿದ ಪಾಲಿಟೆಕ್ನಿಕ್‌ನ ಮೆಟ್ರಾಲಜಿ (ಅಳತೆ) ಲ್ಯಾಬ್‌ನಲ್ಲಿ ಒಂದೆರಡು ಗಂಟೆ ಕೇಳಿಕೊಳ್ಳಿ. ಆಗದಿದ್ದರೆ ಊರಿನ ಲೇತ್ ಅಂಗಡಿಯಲ್ಲಿ ವರ್ನಿಯರ್ ಇದ್ದೇ ಇರುತ್ತೆ.

ಮೊದಲು ಎರಡು ದವಡೆ ಮುಚ್ಚಿ ಸೊನ್ನೆ ನೋಡಿ. ಇದನ್ನ ಮಾಡದೆ ನೇರವಾಗಿ ಪೀಸ್ ಹಿಡಿದರೆ, ನೋಡುತ್ತಿರುವವರಿಗೆ ಅಲ್ಲೇ ಗೊತ್ತಾಗಿಬಿಡುತ್ತೆ. 50 ಗೀಟಿನ ವರ್ನಿಯರ್‌ಗೆ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ, 0.02 ಮಿ.ಮೀ. ಯಾಕೆ ಅಂತ ಕೇಳ್ತಾರೆ: ಮೇನ್ ಸ್ಕೇಲಿನ 49 ಮಿ.ಮೀ. ಅನ್ನ 50 ಭಾಗ ಮಾಡಿದಾಗ ಒಂದೊಂದು 0.98 ಆಗುತ್ತೆ, 1ರಲ್ಲಿ ಅದನ್ನ ಕಳೆದರೆ 0.02. ಈಗ ಓದುವಾಗ ಆಗುವ ತಪ್ಪು. ವರ್ನಿಯರ್ ಸ್ಕೇಲಿನ ಮೇಲೆ ಬರೆದಿರುವ 3 ಅಂದರೆ ಮೂರನೇ ಗೀಟಲ್ಲ, ಹದಿನೈದನೇ ಗೀಟು, ಅಂದರೆ 0.30. ಅದಾದ ಮೇಲೆ ಎರಡನೇ ಗೀಟು ಮೇನ್ ಸ್ಕೇಲಿನ ಗೀಟಿಗೆ ಸೇರಿದ್ದರೆ 0.34. ವರ್ನಿಯರ್ ಸೊನ್ನೆ ಮೇನ್ ಸ್ಕೇಲಿನಲ್ಲಿ 24 ದಾಟಿದ್ದರೆ ಒಟ್ಟು 24.34. ದವಡೆ ಮುಚ್ಚಿದಾಗ ವರ್ನಿಯರ್ ಸೊನ್ನೆ ಬಲಕ್ಕೆ ಸರಿದು ಮೂರನೇ ಗೀಟು ಸೇರಿದ್ದರೆ 0.06 ಪ್ಲಸ್ ಎರರ್; ಅದನ್ನ ಕಳೆಯಬೇಕು, ನಿಜವಾದ ಅಳತೆ 24.28. ಕಳೆಯುವ ಬದಲು ಕೂಡಿಸಿಬಿಡುವುದು ತುಂಬಾ ಜನ ಮಾಡುವ ತಪ್ಪು. ಉಪಕರಣ ಮೊದಲೇ ಜಾಸ್ತಿ ತೋರಿಸ್ತಿದೆ, ಅದಕ್ಕೇ ಕಳೀತೀವಿ ಅಂತ ಕಾರಣ ಹಿಡಿದುಕೊಂಡರೆ ಮರೆಯಲ್ಲ.

ಮೈಕ್ರೋಮೀಟರಿನಲ್ಲಿ ಎಡವುವುದು ಅರ್ಧ ಮಿ.ಮೀ. ಗೀಟಿನಲ್ಲಿ. ಸ್ಲೀವಿನ (ತಿರುಗದ ಕೊಳವೆ) ಮೇಲೆ 7 ದಾಟಿ ಅರ್ಧದ ಗೀಟೂ ಕಾಣ್ತಿದ್ದು, ಥಿಂಬಲ್ (ತಿರುಗುವ ಭಾಗ, ಒಂದು ಗೀಟು 0.01) 28ರಲ್ಲಿದ್ದರೆ ಅದು 7.78. ಆ ಗೀಟು ಕಣ್ಣು ತಪ್ಪಿದರೆ 7.28 ಅಂತೀರಿ. ಕೊನೆಗೆ ಥಿಂಬಲ್ ಹಿಡಿದು ಬಿಗಿ ಮಾಡಬೇಡಿ, ತುದಿಯಲ್ಲಿರುವ ಚಿಕ್ಕ ತಿರುಪು, ಅಂದರೆ ರಾಚೆಟ್, ಎರಡು ಮೂರು ಸಲ ಟಿಕ್ ಅನ್ನಿಸಿ ಬಿಡಿ.

ಗೋ, ನೋ-ಗೋ ಗೇಜ್ (ರಂಧ್ರ ಮಿತಿಯೊಳಗಿದೆಯಾ ಅಂತ ತೂರಿಸಿ ನೋಡುವ ಸಾಧನ) ಬಗ್ಗೆ ಪ್ರಶ್ನೆ ಬರೋದು ಹೆಚ್ಚು. 20 ಎಚ್7 ರಂಧ್ರ (20 ಅಳತೆ, ಎಚ್7 ಎಷ್ಟು ವ್ಯತ್ಯಾಸ ಒಪ್ಪುತ್ತೆ ಅನ್ನೋ ಗುರುತು) ಅಂದರೆ 20.000ರಿಂದ 20.021 ಮಿ.ಮೀ. ಒಳಗೆ ಇರಬೇಕು. ಪ್ಲಗ್ ಗೇಜಿನ ಗೋ ತುದಿ ಚಿಕ್ಕ ಮಿತಿಗೆ, ನೋ-ಗೋ ತುದಿ ದೊಡ್ಡ ಮಿತಿಗೆ. ಗೋ ಒಳಗೆ ಹೋಗದಿದ್ದರೆ ರಂಧ್ರ ಚಿಕ್ಕದು, ರೀಮರ್ (ರಂಧ್ರವನ್ನ ಸ್ವಲ್ಪವೇ ದೊಡ್ಡದು ಮಾಡುವ ಉಪಕರಣ) ಹಾಕಿ ಸರಿ ಮಾಡಬಹುದು. ನೋ-ಗೋ ಒಳಗೆ ಹೋಗಿಬಿಟ್ಟರೆ ರಂಧ್ರ ದೊಡ್ಡದಾಗಿದೆ, ಹೋದ ಲೋಹ ವಾಪಸ್ ಬರಲ್ಲ, ಬಹುಪಾಲು ಸ್ಕ್ರ್ಯಾಪ್. ಈ ವ್ಯತ್ಯಾಸವನ್ನ ನೀವಾಗಿಯೇ ಹೇಳಿದರೆ ಎದುರಿನವರು ಪೇಪರ್‌ನಿಂದ ತಲೆ ಎತ್ತಿ ನೋಡ್ತಾರೆ.

ಇನ್ನೊಂದು ಪ್ರಶ್ನೆಗೆ ರೆಡಿ ಇರಿ: "ಮಧ್ಯಾಹ್ನ 3 ಗಂಟೆಗೆ ಚೆಕ್ ಮಾಡಿದ ಪೀಸ್ ಅಳತೆ ತಪ್ಪಿದೆ, ಏನು ಮಾಡ್ತೀರಿ?" ಸೂಪರ್‌ವೈಸರ್‌ಗೆ ಹೇಳ್ತೀನಿ ಅನ್ನೋದು ಅರ್ಧ ಉತ್ತರ. ಮೊದಲು ಬೇರೆ ಉಪಕರಣದಲ್ಲಿ ಇನ್ನೊಮ್ಮೆ ಅಳೀಬೇಕು. ತಪ್ಪು ಖಚಿತವಾದರೆ ಆ ಪೀಸನ್ನ ತಿರಸ್ಕರಿಸಿದವುಗಳ ಕೆಂಪು ಡಬ್ಬಿಗೆ ಹಾಕಿ, ಸೂಪರ್‌ವೈಸರ್‌ಗೆ ತಿಳಿಸಿ, ಮೆಷಿನ್ ನಿಲ್ಲಿಸಬೇಕು. ಕೊನೆಯ ಸಲ ಸರಿ ಬಂದಿದ್ದು 1 ಗಂಟೆಗೆ ಆಗಿದ್ದರೆ, ಅಲ್ಲಿಂದ 3ರವರೆಗೆ ಆದ ಅಷ್ಟೂ ಪೀಸ್ ಅನುಮಾನದ್ದೇ. ಅವನ್ನ ಬೇರೆ ಇಟ್ಟು ಒಂದೊಂದನ್ನೂ ಅಳೀಬೇಕು. ಇಡೀ ಕ್ವಾಲಿಟಿ ಕೆಲಸದ ಜೀವ ಈ ಹಿಂದಕ್ಕೆ ಹೋಗಿ ಹುಡುಕುವುದರಲ್ಲಿದೆ ಅಂತ ನಾನು ನಂಬ್ತೀನಿ.

5ಎಸ್ (ಕೆಲಸದ ಜಾಗ ಅಚ್ಚುಕಟ್ಟಾಗಿ ಇಡುವ ಐದು ಹೆಜ್ಜೆ), ಏಳು ಕ್ಯೂಸಿ ಟೂಲ್ಸ್ (ದೋಷ ಹುಡುಕಲು ಬಳಸುವ ಏಳು ಸರಳ ಸಾಧನ) ಒಂದು ಸಂಜೆಯಲ್ಲಿ ಓದಿ. ಏಳನ್ನೂ ಪಟ್ಟಿ ಒಪ್ಪಿಸುವುದಕ್ಕಿಂತ ಪರೇಟೊ ಚಾರ್ಟ್ (ಯಾವ ದೋಷ ಹೆಚ್ಚು ಅಂತ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಕಂಬಚಿತ್ರ) ಒಂದನ್ನ ಕೈಯಲ್ಲಿ ಬರೆದು ತೋರಿಸಲು ಬಂದರೆ ಒಳ್ಳೇದು. ನಿಮ್ಮ ಪ್ರಾಜೆಕ್ಟಿನಲ್ಲಿ ನೀವು ಮಾಡಿದ ಭಾಗ ಯಾವುದೋ ಅದನ್ನ ಮಾತ್ರ ನಿಮ್ಮದು ಅನ್ನಿ.

ಭಾಷೆ ವಿಷಯ. ನಮ್ಮ ಕೋಲಾರ ಕಡೆ ಮಾತಲ್ಲಿ ಕನ್ನಡ, ತೆಲುಗು ಕಲೆಯುತ್ತೆ, ಅದಕ್ಕೆ ಸಂಕೋಚ ಬೇಡ. ಪರಿಚಯಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಐದು ಚಿಕ್ಕ ವಾಕ್ಯ ಸಿದ್ಧ ಇಟ್ಟುಕೊಳ್ಳಿ: ಹೆಸರು, ಊರು, ಓದು, ಪ್ರಾಜೆಕ್ಟ್, ಯಾವ ಉಪಕರಣ ಬಳಸಲು ಬರುತ್ತೆ. ಮುಂದಿನದಕ್ಕೆ "ಕನ್ನಡದಲ್ಲಿ ಹೇಳಬಹುದಾ ಸರ್?" ಅಂತ ಕೇಳಿ. ತಡವರಿಸಿ ತಪ್ಪು ಹೇಳುವುದಕ್ಕಿಂತ ಕನ್ನಡದಲ್ಲಿ ಸರಿಯಾಗಿ ಹೇಳುವುದು ಮೇಲು.

ಕಾಗದ ಪತ್ರ: ಎಸ್ಸೆಸ್ಸೆಲ್ಸಿ ಮತ್ತು ಡಿಪ್ಲೊಮಾ ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಎಲ್ಲದರ ಎರಡು ಸೆಟ್ ಜೆರಾಕ್ಸ್, ನಾಲ್ಕು ಫೋಟೋ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ ಇದ್ದರೆ ಈಗಲೇ ನೋಡಿಕೊಳ್ಳಿ, ಮುಂದೆ ಪಿಎಫ್ ಖಾತೆ ಮಾಡುವಾಗ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಒರಿಜಿನಲ್ ತೋರಿಸಿ, ಕೊಟ್ಟು ಬರಬೇಡಿ. ಕೆಲಸ ಕೊಡಿಸಲು ದುಡ್ಡು ಅಥವಾ ಡೆಪಾಸಿಟ್ ಕೇಳಿದರೆ ಎದ್ದು ಬನ್ನಿ.

ಕೊನೆಗೆ "ನೀವೇನಾದರೂ ಕೇಳಬೇಕಾ?" ಅಂತಾರೆ. ಇಲ್ಲ ಅನ್ನಬೇಡಿ. ಕಂಪನಿಯ ರೋಲಿಗಾ (ಕಂಪನಿಯ ನೇರ ನೌಕರಿಗಾ), ಏಜೆನ್ಸಿ ಕಾಂಟ್ರಾಕ್ಟಾ, ಅಪ್ರೆಂಟಿಸಾ ಅಂತ ಕೇಳಿ. ಅಪ್ರೆಂಟಿಸ್ ಆದರೆ ಸಿಗೋದು ಸ್ಟೈಪೆಂಡ್. ಅವಧಿ ಮುಗಿದ ಮೇಲೆ ಕೆಲಸದ ಖಾತ್ರಿ ಇರಲ್ಲ. ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಹೇಳಿದರೆ ಕೈಗೆ ಎಷ್ಟು ಬರುತ್ತೆ ಅಂತ ಬಿಡಿಸಿ ಕೇಳಿ, ಕಂಪನಿ ಕಟ್ಟುವ ಪಿಎಫ್ ಪಾಲೂ ಅದರೊಳಗೇ ಸೇರಿರುತ್ತೆ. ರಾತ್ರಿ ಶಿಫ್ಟಿಗೆ ಕಂಪನಿ ಬಸ್ಸು ಮುಳಬಾಗಿಲಿನವರೆಗೆ ಬರುತ್ತಾ, ಕೋಲಾರಕ್ಕೇ ನಿಲ್ಲುತ್ತಾ ಅನ್ನೋದನ್ನೂ ಕೇಳಿ, ಬರದಿದ್ದರೆ ರೂಮಿನ ಬಾಡಿಗೆ ಲೆಕ್ಕ ಹಾಕಬೇಕಾಗುತ್ತೆ.

ಗುರುವಾರ ಬಸ್ ಹತ್ತುವ ಮೊದಲೇ ನರಸಾಪುರದಲ್ಲಿ ನಿಲ್ಲಿಸ್ತಾರಾ ಅಂತ ಕಂಡಕ್ಟರನ್ನ ಕೇಳಿ. ಹೆದ್ದಾರಿಯಿಂದ ಕಾರ್ಖಾನೆ ಗೇಟಿಗೆ, ಗೇಟಿನಲ್ಲಿ ಹೆಸರು ಬರೆಸಿ ಪಾಸ್ ಮಾಡಿಸೋದಕ್ಕೆ ಅಂತ ಮುಕ್ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಚಪ್ಪಲಿ ಬೇಡ, ಶೂ ಹಾಕಿ. ಶಾಪ್ ಫ್ಲೋರ್ ತೋರಿಸ್ತೀವಿ ಅಂದಾಗ ಚಪ್ಪಲಿಯಲ್ಲಿರುವವರನ್ನ ಒಳಗೆ ಬಿಡಲ್ಲ.