ಸತ್ತವರ ಮುಖವನ್ನು ಯಾರಿಗೂ ತೋರಿಸದೆ ಪೆಟ್ಟಿಗೆ ಮುಚ್ಚಿಯೇ ಇಡಿ ಅನ್ನುವುದು ತಪ್ಪೇ?

ಬದುಕಿದ್ದಾಗಿನ ನಗುಮುಖವೇ ಎಲ್ಲರಿಗೂ ನೆನಪಿರಲಿ ಎಂಬುದು ನಿಮ್ಮ ಆಸೆ. 2016ರ ಸೆಪ್ಟೆಂಬರಿನಲ್ಲಿ ನಮ್ಮ ಅಂಗಳದಲ್ಲಿ ನಿಂತು ನಾನು ಹೆಚ್ಚು ಕಡಿಮೆ ಇದೇ ಮಾತು ಹೇಳಿದ್ದೆ. ಎಲ್ಲರೂ ತಲೆ ಆಡಿಸಿದರು. ಯಾರಾದರೂ ಒಬ್ಬರು ಆಗ ನನಗೆ ಬೈದಿದ್ದರೆ ಎಷ್ಟು ಒಳ್ಳೆಯದಿತ್ತು.

ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ. ಅಣ್ಣ ದುಬೈಯಲ್ಲಿ ಹನ್ನೊಂದು ವರ್ಷ ಇದ್ದ. ಮದುವೆ ಆಗಿರಲಿಲ್ಲ, ಅಪ್ಪ ಮೊದಲೇ ಹೋಗಿದ್ದರು. ರಾತ್ರಿ ರೂಮಿನಲ್ಲಿ ಮಲಗಿದವ ಬೆಳಿಗ್ಗೆ ಏಳಲಿಲ್ಲ. ಹೃದಯಾಘಾತ. ಆಸ್ಪತ್ರೆಯ ಹೊರಗಿನ ಸಾವು ಅಂತ ಪೊಲೀಸರ ಕಾಗದ, ಆಮೇಲೆ ಡೆತ್ ಸರ್ಟಿಫಿಕೇಟ್, ಇಂಡಿಯನ್ ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ರದ್ದು ಮಾಡಿಸಿ ಶವ ಕಳಿಸಲು ಅಡ್ಡಿಯಿಲ್ಲ ಅನ್ನುವ ಎನ್‌ಒಸಿ, ಅಲ್ಲಿಯ ಸೋನಾಪುರದಲ್ಲಿ ಎಂಬಾಮಿಂಗ್, ಅದರದ್ದೊಂದು ಸರ್ಟಿಫಿಕೇಟ್. ನಡುವೆ ಬಕ್ರೀದ್ ರಜೆ ಬಂತು. ಒಂಬತ್ತನೆಯ ದಿನ ಪೆಟ್ಟಿಗೆ ಮಂಗಳೂರಿನ ಬಜಪೆ ವಿಮಾನ ನಿಲ್ದಾಣಕ್ಕೆ ಮುಟ್ಟಿತು. (ಶವಕ್ಕೂ ಆಗ ಕಿಲೋ ಲೆಕ್ಕದಲ್ಲೇ ಕಾರ್ಗೋ ದರ ಇತ್ತು. ಅಣ್ಣನ ತೂಕ ನನಗೆ ಗೊತ್ತಾದದ್ದು ಆ ಬಿಲ್ಲಿನಿಂದ, ಪೆಟ್ಟಿಗೆಯದ್ದೂ ಸೇರಿಸಿ.)

ಆಂಬುಲೆನ್ಸಿನಲ್ಲಿ ನಾನು ಪೆಟ್ಟಿಗೆಯ ಪಕ್ಕ ಕುಳಿತಿದ್ದೆ. ತಲಪಾಡಿ ದಾಟಿ, ಕುಂಬಳೆಯಲ್ಲಿ ಎಡಕ್ಕೆ ತಿರುಗಿ ಬದಿಯಡ್ಕ ರಸ್ತೆ ಹಿಡಿಯುವ ತನಕವೂ ನನ್ನ ತಲೆಯಲ್ಲಿ ಒಂದೇ ಲೆಕ್ಕ: ಒಂಬತ್ತು ದಿನ. ಮೀನು ಒಂದು ದಿನ ಹೊರಗಿದ್ದರೆ ಏನಾಗುತ್ತದೆಂದು ಕರಾವಳಿಯವರಿಗೆ ಹೇಳಿಕೊಡಬೇಕಾ? ಮುಖ ಊದಿರುತ್ತದೆ, ಕಪ್ಪಾಗಿರುತ್ತದೆ, ಅಮ್ಮ ನೋಡಿದರೆ ಅಲ್ಲೇ ಬೀಳುತ್ತಾಳೆ ಅಂತ ನಾನೇ ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಎಂಬಾಮಿಂಗ್ ಅಂದರೆ ಏನೆಂದೂ ಸರಿಯಾಗಿ ಗೊತ್ತಿರಲಿಲ್ಲ. ಸೆಂಟು ಹಾಕಿ ಸುತ್ತಿ ಕೊಡುತ್ತಾರೆ ಅಂದುಕೊಂಡಿದ್ದೆ.

ಮನೆ ಮುಟ್ಟುವಾಗ ಮಳೆ. ಗುಡ್ಡದ ಬದಿಯಲ್ಲಿ ಶೀಟಿನ ಅಡಿ ಚಿತೆ ಸಿದ್ಧವಾಗಿತ್ತು, ಮಾವಿನ ಕಟ್ಟಿಗೆ, ಎರಡು ಗೋಣಿ ತೆಂಗಿನ ಗೆರಟೆ. ಸ್ಕ್ರೂ ತೆಗೆದು ಮುಚ್ಚಳ ಎತ್ತಿದಾಗ ಬಂದದ್ದು ಕೊಳೆತ ವಾಸನೆಯಲ್ಲ. ಕಣ್ಣು ಉರಿಯುವ ಫಾರ್ಮಲಿನ್ ವಾಸನೆ, ಪ್ಲಸ್ ಟು ಲ್ಯಾಬಿನಲ್ಲಿ ಕಪ್ಪೆ ಹಾಕಿಟ್ಟ ಬಾಟಲಿಯದ್ದು. ಅಷ್ಟಕ್ಕೇ ನನಗೆ ಹೊಳೆಯಬೇಕಿತ್ತು. ಒಳಗೆ ಬಿಳಿ ಬಟ್ಟೆ, ತಲೆಯಿಂದ ಕಾಲಿನ ತನಕ ಸುತ್ತಿದ್ದು. ಸೋದರಮಾವ ಕೇಳಿದರು, "ಮುಖ ಒಮ್ಮೆ ತೋರಿಸುವುದಾ?" ಬೇಡ ಅಂದೆ. "ಅವನ ನಗುವ ಮುಖವೇ ಇರಲಿ ಮಾವ, ಯಾರೂ ನೋಡುವುದು ಬೇಡ." ಅಮ್ಮ ಚಾವಡಿಯಲ್ಲಿ ಇದ್ದಳು. ಅವಳನ್ನು ಹೆಂಗಸರು ಹಿಡಿದುಕೊಂಡಿದ್ದರು. ಬಾಯಿಗೆ ಹಾಕುವ ಅಕ್ಕಿಯನ್ನು ನಾನು ಬಟ್ಟೆಯ ಮೇಲಿನಿಂದಲೇ ಹಾಕಿದೆ.

ಇಲ್ಲಿಯ ತನಕದ್ದನ್ನು ಹೆದರಿಕೆ ಅಂತ ಬಿಡಬಹುದು. ನಿಜವಾದ ತಪ್ಪು ನಡೆದದ್ದು ಆ ರಾತ್ರಿ, ಅಡುಗೆಮನೆಯ ಬಾಗಿಲಲ್ಲಿ.

"ನೀನು ನೋಡಿದೆಯಾ?"

"ನೋಡಿದೆ ಅಮ್ಮ."

"ಹೇಗಿದ್ದ?"

"ಮಲಗಿದ ಹಾಗೆ."

"ಮೀಸೆ?"

"ಉಂಟು. ಹಾಗೆಯೇ ಉಂಟು."

ನಾನು ಒಂದು ಕೂದಲೂ ನೋಡಿರಲಿಲ್ಲ. ಆದರೆ ಹದಿನೆಂಟು ವರ್ಷಕ್ಕೆ ಬಂದ ಮೀಸೆಯನ್ನು ಅಣ್ಣ ಒಮ್ಮೆಯೂ ತೆಗೆದವನಲ್ಲ, ಮತ್ತೆ ನನಗೆ ಅನುಮಾನ ಎಲ್ಲಿಂದ ಬರಬೇಕು? ಸಮಾಧಾನ ಆಗಲಿ ಅಂತ ಹೇಳಿದ ಸುಳ್ಳು. ಆಗ ಅದು ಸುಳ್ಳು ಅಂತಲೂ ಅನಿಸಲಿಲ್ಲ.

ಮೂರು ತಿಂಗಳಾದ ಮೇಲೆ ಅಣ್ಣನ ರೂಮ್‌ಮೇಟ್ ಊರಿಗೆ ಬಂದ. ಅಣ್ಣನ ವಾಚು, ಎರಡು ಶರ್ಟು, ಮೊಬೈಲಿನಲ್ಲಿ ಒಂದಿಷ್ಟು ಫೋಟೋ ತಂದಿದ್ದ. ಕೊನೆಯ ಫೋಟೋ ಸಾಯುವುದಕ್ಕೆ ಒಂದು ವಾರ ಮೊದಲಿನದು. ಅದರಲ್ಲಿ ಅಣ್ಣನಿಗೆ ಮೀಸೆ ಇಲ್ಲ. ನರೆತದ್ದು ಜಾಸ್ತಿಯಾಯಿತು ಅಂತ ಪೂರ್ತಿ ಬೋಳಿಸಿದ್ದನಂತೆ. ಅಮ್ಮ ಆ ಫೋಟೋ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಅಳಲಿಲ್ಲ. ಅವಳ ಮುಖದಲ್ಲಿ ಬೆಳಕು ಬಂತು, ಮಾರಾಯರೇ. ಪೆಟ್ಟಿಗೆಯಲ್ಲಿ ಇದ್ದವನಿಗೆ ಮೀಸೆ ಇತ್ತು ಅಂತ ನೀನೇ ಹೇಳಿದ್ದಲ್ಲ? ಹಾಗಾದರೆ ಅವನು ಬೇರೆ ಯಾರೋ.

ನಾನು ನೋಡಿಯೇ ಇರಲಿಲ್ಲ ಅಂತ ಅಲ್ಲಿಯೇ ಒಪ್ಪಿಕೊಂಡೆ. ನಂಬಲಿಲ್ಲ. ಈಗ ನನ್ನ ಬಾಯಿ ಮುಚ್ಚಿಸಲಿಕ್ಕೆ ಹೀಗೆ ಹೇಳುತ್ತಿದ್ದೀ ಅಂದಳು. ಸೋನಾಪುರದಲ್ಲಿ ಎಂಬಾಮಿಂಗ್ ಆದ ಮೇಲೆ ಆ ರೂಮ್‌ಮೇಟ್ ಹುಡುಗ ಮುಖ ನೋಡಿದ್ದ. ಅವನು ಕಾಲಿನ ಹತ್ತಿರ ಕುಳಿತು ಹೇಳಿದರೂ ಅರ್ಧ ನಂಬಿದಳು, ಅವನು ಹೋದ ಮೇಲೆ ಅದನ್ನೂ ಬಿಟ್ಟಳು. 2017ರಲ್ಲಿ ಹೊಸ ರೇಷನ್ ಕಾರ್ಡ್ ಬಂದಾಗ ಅದರಲ್ಲಿ ಅಣ್ಣನ ಹೆಸರು ಉಳಿದಿತ್ತು. ತೆಗೆಸಲು ಮಲಯಾಳದ ಫಾರ್ಮ್ ತಂದು ಯಾರಿಂದಲೋ ಓದಿಸಿ ತುಂಬಿಸಿದ್ದೆ. ಅಮ್ಮ ಅದನ್ನು ಒಲೆಗೆ ಹಾಕಿದಳು. "ಇರುವವನ ಹೆಸರು ತೆಗೆಯುವುದು ಎಂತಕ್ಕೆ?" ವರ್ಷದ ಶ್ರಾದ್ಧದ ದಿನ ಎಲೆಯ ಮುಂದೆ ಕೂರಲಿಲ್ಲ. ಆರು ವರ್ಷ ಹೀಗೆ.

ಎಂಬಾಮಿಂಗ್ ಅಂದರೆ ರಕ್ತನಾಳದ ಮೂಲಕ ಫಾರ್ಮಲಿನ್ ಸೇರಿದ ದ್ರವವನ್ನು ದೇಹಕ್ಕೆಲ್ಲ ಹಾಯಿಸುವುದು, ಕೊಳೆಯುವುದು ತಡೆಯುತ್ತದೆ ಅಂತ ನಾನು ಓದಿದ್ದು ಆ ಮೇಲೆ. 1865ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಕನ್ ಅವರ ಎಂಬಾಮಿಂಗ್ ಮಾಡಿದ ಶವವನ್ನು ರೈಲಿನಲ್ಲಿ ಹೆಚ್ಚು ಕಡಿಮೆ ಎರಡು ವಾರ ಊರೂರು ಒಯ್ದು, ಪೆಟ್ಟಿಗೆ ತೆರೆದು ಜನರಿಗೆ ತೋರಿಸಿದ್ದರಂತೆ. ನೂರೈವತ್ತು ವರ್ಷದ ಹಿಂದೆಯೇ ಎರಡು ವಾರ ತೋರಿಸಲಿಕ್ಕೆ ಆಗಿದ್ದರೆ, ನಮ್ಮ ಅಣ್ಣನ ಮುಖ ಒಂಬತ್ತು ದಿನ ತಡೆಯುತ್ತಿರಲಿಲ್ಲವಾ? ಹತ್ತು ನಿಮಿಷ ಮೊಬೈಲ್ ನೋಡಿದ್ದರೆ ಸಿಗುತ್ತಿದ್ದ ವಿಷಯ. ಕೋವಿಡ್ ಬಂದಾಗ ಕೇಂದ್ರದ 2020ರ ಮಾರ್ಗಸೂಚಿಯಲ್ಲೂ ಚೀಲದ ಜಿಪ್ಪನ್ನು ಮುಖದ ಕಡೆಯಿಂದ ತೆರೆದು ಮನೆಯವರಿಗೆ ಒಮ್ಮೆ ತೋರಿಸಲು ಅವಕಾಶ ಇತ್ತು. ಸರಕಾರಕ್ಕೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ.

ನಿಮಗೆ ಪೆಟ್ಟಿಗೆ ತೆರೆದಿಡುವುದೇ ಹಿಂಸೆ ಅನಿಸಿದರೆ ಒಂದು ಸಲ ನಮ್ಮ ಹತ್ತಿರದ ಬೇಳ ಇಗರ್ಜಿಯ ಕಡೆಯ ಕ್ರೈಸ್ತರ ಸಾವಿನ ಮನೆಗೆ ಹೋಗಿ ನೋಡಿ. ನಮ್ಮ ನೆರೆಯ ಬಾಯಮ್ಮ ತೀರಿಕೊಂಡಾಗ ನಾನು ಹೋಗಿದ್ದೆ. ಚಾವಡಿ ಮಧ್ಯೆ ಪೆಟ್ಟಿಗೆ, ಮುಚ್ಚಳ ಗೋಡೆಗೆ ಒರಗಿಸಿತ್ತು. ಕೈಯಲ್ಲಿ ಜಪಮಾಲೆ, ಕಾಲಿಗೆ ಹೊಸ ಸಾಕ್ಸ್. ಮೊಮ್ಮಗಳು ಬಂದು ಸಾಕ್ಸ್ ಸರಿ ಮಾಡಿ ಹೋದಳು, ಶಾಲೆಗೆ ಹೊರಟವರಿಗೆ ಮಾಡುವ ಹಾಗೆ. ಮುಚ್ಚಳ ಹಾಕುವ ಹೊತ್ತಿಗೆ ಮನೆಯವರು ಅತ್ತರು, ದೊಡ್ಡ ಸ್ವರದಲ್ಲಿ, ಮತ್ತೆ ಕಣ್ಣೊರೆಸಿಕೊಂಡು ಎತ್ತಿದರು. ನಮ್ಮ ಮನೆಯಲ್ಲಿ ಆ ಅಳು ಆಗಲೇ ಇಲ್ಲ ಅಂತ ನನಗೆ ಅಲ್ಲಿ ನಿಂತಾಗ ಗೊತ್ತಾಯಿತು.

ಇನ್ನು ನಗುಮುಖ ಅಳಿಸಿಹೋಗುತ್ತದೆ ಅನ್ನುವ ನಿಮ್ಮ ಹೆದರಿಕೆ. ಅದನ್ನು ನಾನು ಒಪ್ಪುವುದಿಲ್ಲ. 2022ರಲ್ಲಿ ಅಮ್ಮ ಹೋದಾಗ ಗಲ್ಲಕ್ಕೆ ಬಟ್ಟೆ ಕಟ್ಟಿದ್ದು ನಾನೇ, ಮೂಗಿಗೆ ಹತ್ತಿ ಇಟ್ಟದ್ದೂ ನಾನೇ. ಕೆಳತುಟಿಯಲ್ಲಿ ವೀಳ್ಯದ ಕೆಂಪು ಹಾಗೆಯೇ ಇತ್ತು. ಒಂದೆರಡು ತಿಂಗಳು ಕಣ್ಣು ಮುಚ್ಚಿದರೆ ಆ ಮುಖವೇ ಬರುತ್ತಿತ್ತು, ನಿಜ. ಆಮೇಲೆ ಅದು ಹಿಂದೆ ಸರಿಯಿತು. ಈಗ ಅಮ್ಮ ಅಂದರೆ ಬರುವುದು ಅಂಗಳದಲ್ಲಿ ಕೋಳಿ ಓಡಿಸುತ್ತಿದ್ದವಳು. ಅಣ್ಣನದ್ದು ಹಾಗಲ್ಲ. ನಗುಮುಖ ಉಳಿಸಿಕೊಳ್ಳಲೆಂದೇ ನಾನು ನೋಡದೆ ಇದ್ದದ್ದು. ಇವತ್ತಿಗೂ ಅಣ್ಣ ಅಂದರೆ ಮೊದಲು ಬರುವುದು ಆ ಬಿಳಿ ಬಟ್ಟೆ.

ಹಾಗಾಗಿ ತೆರೆಯುವುದೋ ಮುಚ್ಚುವುದೋ ಎಂಬ ಚರ್ಚೆಗೆ ನಾನು ಬರುವುದಿಲ್ಲ. ನಿಮಗೆ ನೋಡಲಿಕ್ಕೆ ಆಗದಿದ್ದರೆ ನೋಡಬೇಡಿ, ತೋಟದ ಕಡೆ ಹೋಗಿ ನಿಂತುಕೊಳ್ಳಿ, ಯಾರೂ ಏನೂ ಹೇಳುವುದಿಲ್ಲ. ಹೇಳಿದರೆ ಹೇಳಲಿ. ಆದರೆ "ಯಾರಿಗೂ ತೋರಿಸಬೇಡಿ" ಅಂತ ಮನೆಯವರೆಲ್ಲರ ಪರವಾಗಿ ಹೇಳುವ ಹಕ್ಕು ನಿಮಗಿಲ್ಲ, ನನಗೂ ಇರಲಿಲ್ಲ. ಮಕ್ಕಳನ್ನು ಎಳೆದುಕೊಂಡು ಬಂದು ತೋರಿಸಬಾರದು, ಬರುತ್ತೇನೆ ಅನ್ನುವ ಮಗುವನ್ನು ತಡೆಯಲೂ ಬಾರದು. ಫೋಟೋ ತೆಗೆದು ಸ್ಟೇಟಸ್ ಹಾಕುವವರನ್ನು ಮಾತ್ರ ಗೇಟಿನಲ್ಲೇ ನಿಲ್ಲಿಸಿ.

ಅಪಘಾತವಾಗಿ ಮುಖ ನೋಡುವ ಹಾಗೆ ಇಲ್ಲದಿದ್ದರೆ ಕೈ ತೋರಿಸಿ. ಅಣ್ಣನ ಎಡಗೈ ಹೆಬ್ಬೆರಳಿಗೆ ಸಣ್ಣವನಿದ್ದಾಗ ಅಡಿಕೆ ಸುಲಿಯುವ ಕತ್ತಿ ತಾಗಿತ್ತು. ಆಮೇಲೆ ಆ ಉಗುರು ಯಾವಾಗಲೂ ಎರಡು ಸೀಳಾಗಿಯೇ ಬೆಳೆಯುತ್ತಿತ್ತು, ರಜೆಯಲ್ಲಿ ಬಂದಾಗಲೆಲ್ಲ ಅಮ್ಮನೇ ಕುಳಿತು ಕತ್ತರಿಸಿ ಕೊಡುತ್ತಿದ್ದಳು. ಆ ಬಟ್ಟೆಯಿಂದ ಒಂದು ಹೆಬ್ಬೆರಳು ಹೊರಗೆ ತೆಗೆದಿದ್ದರೆ ಸಾಕಿತ್ತು.